ಮುಕ್ತ ತಂತ್ರಾಂಶ ಯೋಜನೆಗೆ ಬರುವ ಸುದ್ದಿ: ಯಾವುದನ್ನು ಹಾಕಬೇಕು, ಹೇಗೆ ಹಾಕಬೇಕು

ನಮ್ಮದು ಕನ್ನಡದ ಸ್ಪೆಲ್‌ಚೆಕ್ ಯೋಜನೆ. ಕಾಗುಣಿತ ಪರೀಕ್ಷಿಸುವ ಹನ್‌ಸ್ಪೆಲ್ ಅನ್ನುವ ಮುಕ್ತ ತಂತ್ರಾಂಶಕ್ಕೆ ಹೊಂದುವ ಪದಪಟ್ಟಿ ಮತ್ತು ವಿಭಕ್ತಿ ನಿಯಮಗಳನ್ನು ಕಟ್ಟುತ್ತೇವೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಹನ್‌ಸ್ಪೆಲ್ ಬಳಸುವುದರಿಂದ ಒಮ್ಮೆ ಮಾಡಿದ ಕೆಲಸ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ. ಸಂಬಳ ಯಾರಿಗೂ ಇಲ್ಲ. ಒಂದಷ್ಟು ಜನ ಕೋಡ್ ನೋಡುತ್ತಾರೆ, ಒಂದಷ್ಟು ಜನ ಪದ ಸೇರಿಸುತ್ತಾರೆ. ನಾನು ಸುದ್ದಿ ನೋಡಿಕೊಳ್ಳುತ್ತೇನೆ. ಆರು ವರ್ಷವಾಯಿತು.

ನಮ್ಮ ವೆಬ್‌ಸೈಟಿನ ಸುದ್ದಿ ವಿಭಾಗಕ್ಕೆ ಯಾರು ಬೇಕಾದರೂ ಸುದ್ದಿ ಕಳಿಸಬಹುದು. ಹೊಸ ಆವೃತ್ತಿ ಬಂತು, ಕಾರ್ಯಾಗಾರ ಇದೆ, ನಮ್ಮ ಪದಪಟ್ಟಿ ಬಳಸಿ ಇನ್ನೊಬ್ಬರು ಏನೋ ಮಾಡಿದ್ದಾರೆ, ಹೀಗೆ. ಬಂದದ್ದು ತಕ್ಷಣ ಹೊರಗೆ ಕಾಣುವುದಿಲ್ಲ. ಸರದಿಯಲ್ಲಿ ನಿಲ್ಲುತ್ತದೆ. ನಮ್ಮಲ್ಲೊಬ್ಬರು ನೋಡಿ ಒಪ್ಪಿದ ಮೇಲೆ ಪ್ರಕಟವಾಗುತ್ತದೆ. ಈ ಕೆಲಸ ಹೇಗೆ ಮಾಡಬೇಕು ಅಂತ ಹೊಸದಾಗಿ ಸೇರಿದವರು ಕೇಳುತ್ತಲೇ ಇರುತ್ತಾರೆ. ಅವರಿಗೂ, ಇಂಥದೇ ಯೋಜನೆ ನಡೆಸುವ ಬೇರೆಯವರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಉತ್ತರ, ಆಮೇಲೆ ಉಳಿದದ್ದು

ಸುದ್ದಿ ಬಂದ ಮೂರು ದಿನದೊಳಗೆ ಕಳಿಸಿದವರಿಗೆ ಒಂದು ಉತ್ತರ ಹೋಗಬೇಕು. ಹಾಕುತ್ತೇವೆ, ಹಾಕುವುದಿಲ್ಲ, ಇನ್ನೂ ನೋಡಬೇಕು, ಈ ಮೂರರಲ್ಲಿ ಯಾವುದಾದರೂ ಸರಿ. ಸುಮ್ಮನೆ ಇರುವುದು ಮಾತ್ರ ತಪ್ಪು. ಯಾರೋ ಆಫೀಸು ಮುಗಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆಗೆ ಬಂದು, ರಾತ್ರಿ ಹತ್ತಕ್ಕೆ ಕೂತು ನಾಲ್ಕು ಪ್ಯಾರಾ ಬರೆದಿರುತ್ತಾರೆ. ಎರಡು ವಾರ ಏನೂ ಸುದ್ದಿ ಇಲ್ಲದಿದ್ದರೆ ಅವರು ಮತ್ತೆ ಬರುವುದಿಲ್ಲ. ನಮ್ಮಲ್ಲಿ ಈಗ ಪದ ಸೇರಿಸುವವರಲ್ಲಿ ಹಲವರು ಮೊದಲು ಬಂದದ್ದು ಒಂದು ಸುದ್ದಿ ಹಿಡಿದುಕೊಂಡೇ.

ಇದನ್ನು ನಾನು ಕಲಿತ ಬಗೆ ಹೇಳಬೇಕು. ಮೊದಲ ವರ್ಷ ಒಂದು ಸುದ್ದಿ ಬಂತು. ಶೀರ್ಷಿಕೆಯಿಂದ ಕೊನೆಯವರೆಗೂ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು ಇರುವ ಅಕ್ಷರ, ನಡುವೆ ಸೊಟ್ಟ ಗುರುತುಗಳು. ಓದಲು ಒಂದು ಪದವೂ ಸಿಗಲಿಲ್ಲ. ಸ್ಪ್ಯಾಮ್ ಅಂದುಕೊಂಡು ಅಳಿಸಿದೆ. ತಿಂಗಳಾದ ಮೇಲೆ ತುಮಕೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ‘ನಮ್ಮ ಕಡೆಯ ಒಕ್ಕಲುತನದ ಪದಗಳ ಪಟ್ಟಿ ಮಾಡಿದ್ದೇನೆ, ಯಾರಿಗೆ ಬೇಕಾದರೂ ಕೊಡುತ್ತೇನೆ ಅಂತ ಕಳಿಸಿದ್ದೆನಲ್ಲ, ತಲುಪಿತೇ?’ ಅಂದರು. ಅವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಅದನ್ನೇ ನಮ್ಮ ಫಾರಂಗೆ ಅಂಟಿಸಿದ್ದರು. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿ) ಅಲ್ಲದ ಆ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ರೂಪ ಅಷ್ಟೆ. ಫಾಂಟು ಕಳಚಿದರೆ ಒಳಗಿನದು ಕಾಣುತ್ತದೆ. ಮೇಷ್ಟ್ರಿಗೆ ಮೊದಲು ಕ್ಷಮೆ ಕೇಳಿದೆ. ಅವರು ಮತ್ತೆ ಕಳಿಸಿದರು. ಯೂನಿಕೋಡ್‌ಗೆ ಬದಲಿಸಿದಾಗ ಬಂದ ಮೊದಲ ಸಾಲು ‘ಕೂರಿಗೆ, ಕುಂಟೆ, ಮೇಳಿ, ನೊಗ’ ಅಂತಿತ್ತು.

ಹಾಗಾಗಿ ಅರ್ಥವಾಗದ ಅಕ್ಷರಗಳ ರಾಶಿ ಕಂಡರೆ ಅಳಿಸಬೇಡಿ. ಒಂದು ಪ್ಯಾರಾ ಕಾಪಿ ಮಾಡಿ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ ನೋಡಿ. ಮುಕ್ತವಾಗಿ ಸಿಗುವಂಥವೇ ಇವೆ. ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಹಿರಿಯರ ಕಂಪ್ಯೂಟರುಗಳಲ್ಲಿ ಹಳೆಯ ಫಾಂಟು ಇನ್ನೂ ನಡೆಯುತ್ತಿದೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿನಿಂದ ನೋಡಿ. ಪರಿವರ್ತಕ ಜಾಸ್ತಿ ಎಡವುವುದು ಅಲ್ಲೇ.

ಯಾವುದನ್ನು ಹಾಕಬೇಕು

ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದನ್ನು ಓದಿದವರು ಎದ್ದು ಏನು ಮಾಡುತ್ತಾರೆ? ಹೊಸ ಆವೃತ್ತಿ ಹಾಕಿಕೊಳ್ಳುತ್ತಾರೆ, ಬಸ್ಸು ಹತ್ತಿ ಕಾರ್ಯಾಗಾರಕ್ಕೆ ಬರುತ್ತಾರೆ, ಪದಪಟ್ಟಿ ಇಳಿಸಿಕೊಳ್ಳುತ್ತಾರೆ. ಅವರು ಏನು ಮಾಡುತ್ತಾರೋ ಅದನ್ನು ನಾನು ಮೊದಲು ಮಾಡಿ ನೋಡಬೇಕು. ಕೊಂಡಿ ತೆರೆಯಬೇಕು, ಕಡತ ಇಳಿಸಬೇಕು, ಹಾಕಿಕೊಂಡು ‘ಮನೆಯಲ್ಲಿದ್ದವರಿಗೂ’ ಅಂತ ಒಂದು ಪದ ಟೈಪ್ ಮಾಡಬೇಕು. ಕೆಳಗೆ ಕೆಂಪು ಗೆರೆ ಬಂದರೆ ‘ವಿಭಕ್ತಿ ಸರಿಹೋಗಿದೆ’ ಅನ್ನುವ ಸುದ್ದಿಯನ್ನು ಹೇಗೆ ಹಾಕುವುದು?

ಸಂಖ್ಯೆ ಹೇಳಿದ್ದರೆ ಎಣಿಸಿ. ಹನ್‌ಸ್ಪೆಲ್ ನಿಘಂಟಿನ ಕಡತದ ಮೊದಲ ಸಾಲಿನಲ್ಲೇ ಪದಗಳ ಅಂದಾಜು ಎಣಿಕೆ ಇರುತ್ತದೆ. ‘ಒಂದು ಲಕ್ಷ ಪದ’ ಅಂತ ಶೀರ್ಷಿಕೆಯಲ್ಲಿದ್ದು ಕಡತದಲ್ಲಿ ಅದರ ಅರ್ಧವೂ ಇಲ್ಲದಿದ್ದರೆ ಕಳಿಸಿದವರನ್ನು ಕೇಳಿ. ಸುಳ್ಳು ಹೇಳಿರುತ್ತಾರೆ ಅಂತಲ್ಲ. ನಿಯಮಗಳಿಂದ ಹುಟ್ಟುವ ರೂಪಗಳನ್ನೂ ಸೇರಿಸಿ ಎಣಿಸಿರುತ್ತಾರೆ. ಹಾಗಿದ್ದರೆ ಹಾಗೆಯೇ ಬರೆಯಲಿ.

ಲೈಸೆನ್ಸ್, ಅಂದರೆ ಬಳಕೆಯ ಷರತ್ತು, ನೋಡುವುದನ್ನು ಮಾತ್ರ ಎಂದೂ ಬಿಡಬೇಡಿ. ‘ಓಪನ್ ಸೋರ್ಸ್’ ಅಂತ ಬರೆದು, ಒಳಗೆ ‘ವ್ಯಾಪಾರಕ್ಕೆ ಬಳಸುವಂತಿಲ್ಲ’ ಅಂತ ಷರತ್ತು ಹಾಕಿರುವುದು ಎಷ್ಟೋ ಸಲ ಸಿಗುತ್ತದೆ. 1998ರಲ್ಲಿ ಶುರುವಾದ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ ಕೊಡುವ ಓಪನ್ ಸೋರ್ಸ್ ವ್ಯಾಖ್ಯೆಯ ಆರನೇ ಅಂಶದ ಪ್ರಕಾರ ಬಳಕೆಯ ಕ್ಷೇತ್ರದ ಮೇಲೆ ನಿರ್ಬಂಧ ಹಾಕುವಂತಿಲ್ಲ, ವ್ಯಾಪಾರವೂ ಅದರಲ್ಲಿ ಸೇರಿದೆ. ಲೈಸೆನ್ಸ್ ಕಡತವೇ ಇಲ್ಲದಿದ್ದರೆ ಇನ್ನೂ ಕಷ್ಟ. ಕೋಡ್ ಎಲ್ಲರಿಗೂ ಕಂಡರೂ ಹಕ್ಕೆಲ್ಲ ಬರೆದವರದೇ. ಇಂಥದ್ದನ್ನು ನಾವು ‘ಮುಕ್ತ’ ಅಂತ ಕರೆದು ಹಾಕಿದರೆ, ಅದನ್ನು ನಂಬಿ ಬಳಸಿದ ಸಣ್ಣ ಪ್ರಕಾಶಕರು ನಾಳೆ ಸಿಕ್ಕಿಹಾಕಿಕೊಳ್ಳುತ್ತಾರೆ. ಬಹಳಷ್ಟು ಸಲ ಕಳಿಸಿದವರಿಗೆ ಇದು ಗೊತ್ತೇ ಇರುವುದಿಲ್ಲ. ವಿವರಿಸಿದರೆ ಸಂತೋಷದಿಂದ ಸರಿಮಾಡುತ್ತಾರೆ.

ಜಾಹೀರಾತುಗಳನ್ನು ಗುರುತಿಸುವುದು ಸುಲಭ. ಬೆಂಗಳೂರಿನಲ್ಲಿ ತರಬೇತಿ ಸಂಸ್ಥೆಗಳಿಗೆ ಕೊರತೆ ಇಲ್ಲ. ‘ಪೈಥಾನ್ ಕೋರ್ಸ್, ಉದ್ಯೋಗ ಖಚಿತ’ ಅಂತ ವಾರಕ್ಕೆ ಒಂದಾದರೂ ಬರುತ್ತದೆ. ಇನ್ನು ಕೆಲವು ಬರುವುದು ಕೊಂಡಿಗಾಗಿ ಮಾತ್ರ. ನಮ್ಮ ಸೈಟಿನಿಂದ ಒಂದು ಕೊಂಡಿ ಸಿಕ್ಕರೆ ಹುಡುಕಾಟದಲ್ಲಿ ಮೇಲೆ ಬರುತ್ತೇವೆ ಅನ್ನುವ ಲೆಕ್ಕ. ಕಳಿಸಿದ ಸುದ್ದಿಗಳ ಕೊಂಡಿಗಳಿಗೆಲ್ಲ ನೋಫಾಲೋ ಗುರುತು ಹಾಕಿ, ಹಾಗೆಂದು ಫಾರಂ ಮೇಲೆಯೇ ಬರೆದುಬಿಡಿ. ಹುಡುಕಾಟ ಯಂತ್ರಗಳಿಗೆ ‘ಈ ಕೊಂಡಿಯನ್ನು ಶಿಫಾರಸು ಅಂತ ಎಣಿಸಬೇಡಿ’ ಅಂತ ಹೇಳುವ ಈ ಗುರುತು 2005ರಿಂದ ಇದೆ. ನಾವು ಹಾಕಿದ ಮೇಲೆ ಅಂಥವು ಕಡಿಮೆಯಾದವು. ಆದರೆ ಕಂಪನಿ ಕಳಿಸಿದ ಮಾತ್ರಕ್ಕೆ ಜಾಹೀರಾತು ಅಲ್ಲ. ಒಂದು ಕಂಪನಿ ನಮ್ಮ ಪದಪಟ್ಟಿ ಬಳಸಿ, ಕಂಡ ತಪ್ಪುಗಳನ್ನು ನಮಗೇ ತಿದ್ದಿಕೊಟ್ಟಿದ್ದರೆ ಅದು ಒಳ್ಳೆಯ ಸುದ್ದಿ. ನಾವು ಹಾಕಿದ್ದೇವೆ.

ಬೇಡ ಅನ್ನುವಾಗ ಕಾರಣ ಹೇಳಿ, ಮುಂದಿನ ದಾರಿಯನ್ನೂ ಹೇಳಿ. ನಾನು ಕಳಿಸುವ ಕಾಗದ ಹೆಚ್ಚುಕಡಿಮೆ ಹೀಗಿರುತ್ತದೆ:

‘ನಮಸ್ಕಾರ. ನೀವು ಕಳಿಸಿದ ಸುದ್ದಿ ಪೂರ್ತಿ ಓದಿದೆ, ಆ್ಯಪ್ ಕೂಡ ಹಾಕಿಕೊಂಡು ನೋಡಿದೆ. ಕೀಲಿಮಣೆಯಲ್ಲಿ ಒತ್ತಕ್ಷರ ಮೂಡುವ ರೀತಿ ತುಂಬ ಚೆನ್ನಾಗಿದೆ. ಆದರೆ ಇದರ ಮೂಲ ಕೋಡ್ ಎಲ್ಲೂ ಸಿಗಲಿಲ್ಲ, ನಮ್ಮ ಸುದ್ದಿ ವಿಭಾಗ ಮುಕ್ತ ತಂತ್ರಾಂಶಕ್ಕೆ ಮಾತ್ರ. ಹಾಗಾಗಿ ಈಗ ಹಾಕಲು ಆಗುವುದಿಲ್ಲ. ಮುಂದೆ ಕೋಡ್ ತೆರೆದಿಟ್ಟರೆ ಇದೇ ಕಾಗದಕ್ಕೆ ಉತ್ತರ ಬರೆಯಿರಿ, ಮತ್ತೆ ಫಾರಂ ತುಂಬುವುದು ಬೇಡ.’

ಅಷ್ಟೆ. ಕೆಳಗೆ ನನ್ನ ಹೆಸರು ಹಾಕುತ್ತೇನೆ. ‘ಸಂಪಾದಕ ಮಂಡಳಿ’ ಅಂತ ಹಾಕುವುದಿಲ್ಲ. ಬೇಡ ಅಂದವರು ಯಾರು ಅಂತ ಅವರಿಗೆ ಗೊತ್ತಿರಬೇಕು ಅಲ್ವಾ?

ತಿದ್ದುವಾಗ

ಮೆಟ್ರೋದಲ್ಲಿ ಬನಶಂಕರಿಯಿಂದ ರಾಜಾಜಿನಗರಕ್ಕೆ ಹೋಗುವಾಗ ಫೋನಿನಲ್ಲಿ ಸರದಿ ಓದುತ್ತೇನೆ. ನ್ಯಾಷನಲ್ ಕಾಲೇಜು ದಾಟಿ ರೈಲು ಸುರಂಗಕ್ಕೆ ಇಳಿಯುವಷ್ಟರಲ್ಲಿ ಎರಡು ಮೂರು ಓದಿ ಆಗಿರುತ್ತದೆ. ಆದರೆ ಫೋನಿನಲ್ಲಿ ಎಂದೂ ಒಪ್ಪಿಗೆ ಕೊಡುವುದಿಲ್ಲ. ಓದುವುದು ಎಲ್ಲಿ ಬೇಕಾದರೂ ನಡೆಯುತ್ತದೆ, ಒಪ್ಪುವುದು ಮನೆಯಲ್ಲಿ, ಕಂಪ್ಯೂಟರಿನ ಮುಂದೆ, ಭಾನುವಾರ ಬೆಳಗ್ಗೆ.

ಶೀರ್ಷಿಕೆ ತಿದ್ದಲು ಹಿಂಜರಿಯಬೇಡಿ. ಒಮ್ಮೆ ‘ಕನ್ನಡ ತಂತ್ರಜ್ಞಾನ ಲೋಕದಲ್ಲಿ ಮಹಾಕ್ರಾಂತಿ!’ ಅಂತ ಬಂದದ್ದನ್ನು ‘ಹೊಸ ಆವೃತ್ತಿ: ಸಂಧಿಯಾದ ಪದಗಳಿಗೆ ಇನ್ನು ಕೆಂಪು ಗೆರೆ ಬರುವುದಿಲ್ಲ’ ಅಂತ ಮಾಡಿದೆವು. ಕಳಿಸಿದ ಹುಡುಗನಿಗೇ ಅದು ಜಾಸ್ತಿ ಹಿಡಿಸಿತು, ಅವನು ಮೂರು ತಿಂಗಳು ಮಾಡಿದ ಕೆಲಸ ಅದರಲ್ಲಿ ಕಾಣುತ್ತಿತ್ತು. ಒಳಗಿನ ಬರಹವನ್ನು ಮಾತ್ರ ಆದಷ್ಟು ಅವರ ಮಾತಿನಲ್ಲೇ ಬಿಡಿ. ಧಾರವಾಡದವರು ‘ಛಲೋ’ ಅಂತ ಬರೆದರೆ ಅದು ‘ಚೆನ್ನಾಗಿ’ ಆಗಬೇಕಿಲ್ಲ. ತಿದ್ದಿದ್ದನ್ನು ಹಾಕುವ ಮೊದಲು ಅವರಿಗೆ ತೋರಿಸಿ.

ಕನ್ನಡಕ್ಕೇ ಸೇರಿದ ಒಂದು ತೊಂದರೆ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ‘ಸಾಫ್ಟ್‌ವೇರ್’ ಅನ್ನುವ ಪದದಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಜೀರೋ ವಿಡ್ತ್ ನಾನ್ ಜಾಯಿನರ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ‘ಸಾಫ್ಟ್ವೇರ್’ ಅಂತ ವಕಾರ ಒತ್ತಾಗಿ ಕೆಳಗೆ ಹೋಗುತ್ತದೆ. ಹಾಗೆಯೇ ‘ರ‍್ಯಾಂಕ್’ ಬರೆಯಲು ಜಾಯಿನರ್ ಅನ್ನುವ ಇನ್ನೊಂದು ಕಾಣದ ಅಕ್ಷರ ಬೇಕು. ಅದು ಹೋದರೆ ‘ರ್ಯಾಂಕ್’ ಆಗಿ ಅರ್ಕಾವತ್ತು ಬರುತ್ತದೆ. ಈಗ ಫಾರಂನ ಕೋಡ್ ಬರೆದವರು ಭದ್ರತೆಗಾಗಿ ‘ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕು’ ಅಂತ ಒಂದು ಸಾಲು ಹಾಕಿರುತ್ತಾರೆ. ಇಂಗ್ಲಿಷ್‌ನಲ್ಲಿ ಅದರಿಂದ ಏನೂ ಕೆಡುವುದಿಲ್ಲ. ಕನ್ನಡದಲ್ಲಿ ಸುದ್ದಿಯ ತುಂಬ ಒತ್ತು ಕೆಡುತ್ತದೆ, ಕಳಿಸಿದವರಿಗೆ ಕಾಗುಣಿತ ಬರುವುದಿಲ್ಲ ಅಂತ ಓದುಗರು ಅಂದುಕೊಳ್ಳುತ್ತಾರೆ. ಅದೂ ಸ್ಪೆಲ್‌ಚೆಕ್ ಯೋಜನೆಯಲ್ಲಿ! ಎಚ್‌ಟಿಎಂಎಲ್ ಮತ್ತು ಸ್ಕ್ರಿಪ್ಟ್ ತುಣುಕುಗಳನ್ನು ಖಂಡಿತ ತೆಗೆಯಿರಿ. ಈ ಎರಡು ಅಕ್ಷರಗಳನ್ನು ಮಾತ್ರ ಉಳಿಸಿಕೊಳ್ಳಿ.

ಸುದ್ದಿಯ ವೆಬ್ ವಿಳಾಸವನ್ನು ಶೀರ್ಷಿಕೆಯಿಂದ ತಾನಾಗಿಯೇ ಹುಟ್ಟಲು ಬಿಡಬೇಡಿ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ರೀತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ ಆಗುತ್ತದೆ. ‘ಕನ್ನಡ’ ಅನ್ನುವ ಪದದಲ್ಲಿ ಹಲಂತವೂ ಸೇರಿ ಐದು ಸಂಕೇತ, ಅಂದರೆ ವಿಳಾಸದಲ್ಲಿ 45 ಅಕ್ಷರ. ಪೂರ್ತಿ ಶೀರ್ಷಿಕೆ ವಾಟ್ಸ್ಯಾಪ್‌ನಲ್ಲಿ ಹೋದಾಗ ಅರ್ಧ ಪರದೆ ತುಂಬುತ್ತದೆ, ನಡುವೆ ಮುರಿದು ತೆರೆಯದೆಯೂ ಹೋಗಬಹುದು. ನಾವು ವರ್ಷ, ತಿಂಗಳು, ಒಂದು ಚಿಕ್ಕ ಇಂಗ್ಲಿಷ್ ಪದ, ಇಷ್ಟೇ ಇಡುತ್ತೇವೆ. ಒಮ್ಮೆ ಹಾಕಿದ ಮೇಲೆ ವಿಳಾಸ ಬದಲಿಸಬೇಡಿ. ಹೊಸ ಸುದ್ದಿಯನ್ನು ಓದುಗರಿಗೆ ತಾನಾಗಿ ತಲುಪಿಸುವ ಆರ್‌ಎಸ್‌ಎಸ್ ಫೀಡ್‌ನಲ್ಲಿ ವಿಳಾಸವೇ ಗುರುತಾಗಿದ್ದರೆ, ಓದಿದ ಸುದ್ದಿಯೇ ಮತ್ತೆ ಹೊಸದಾಗಿ ಎಲ್ಲರಿಗೂ ಬರುತ್ತದೆ.

ಚಿತ್ರಗಳ ಬಗ್ಗೆ ಒಂದೇ ಮಾತು. ಶಾಲಾ ಮಕ್ಕಳ ಮುಖ ಕಾಣುವ ಫೋಟೋ ಬೇಡ, ಅನುಮತಿ ಇದೆ ಅಂದರೂ ಬೇಡ.

ದಿನ, ಹೊತ್ತು, ಜಾಗ

ನಮ್ಮ ಸೈಟು ಹ್ಯೂಗೋ ಅನ್ನುವ, ಬರಹಗಳಿಂದ ವೆಬ್‌ಸೈಟು ಕಟ್ಟಿಕೊಡುವ ತಂತ್ರಾಂಶದಿಂದ ಕಟ್ಟಿದ್ದು. ಮುಂದಿನ ದಿನಾಂಕ ಇರುವ ಬರಹವನ್ನು ಹ್ಯೂಗೋ ತಾನಾಗಿ ಪ್ರಕಟಿಸುವುದಿಲ್ಲ. ಸಮಯದ ಜೊತೆ ಕಾಲವಲಯ ಹೇಳದಿದ್ದರೆ, ಸೈಟಿನ ಸೆಟ್ಟಿಂಗ್‌ನಲ್ಲೂ ಅದು ಇಲ್ಲದಿದ್ದರೆ, ಯುಟಿಸಿ, ಅಂದರೆ ಜಗತ್ತಿಗೆಲ್ಲ ಆಧಾರವಾದ ಸಮಯ, ಅಂತ ತಿಳಿದುಕೊಳ್ಳುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಒಂದು ನವೆಂಬರ್ 1ರಂದು, ರಾಜ್ಯೋತ್ಸವದ ಬೆಳಗ್ಗೆ 9ಕ್ಕೆ ಹೊಸ ಆವೃತ್ತಿಯ ಸುದ್ದಿ ಬರಬೇಕಿತ್ತು. ‘09:00’ ಅಂತಷ್ಟೇ ಬರೆದಿದ್ದೆ. ಹ್ಯೂಗೋ ಲೆಕ್ಕದಲ್ಲಿ ಅದು ನಮ್ಮ ಮಧ್ಯಾಹ್ನ 2:30. ಬೆಳಗ್ಗೆಯೆಲ್ಲ ಜನ ಹುಡುಕಿದರು, ಸುದ್ದಿ ಇರಲಿಲ್ಲ. ಎರಡೂವರೆ ಆದ ಮೇಲೂ ಯಾರಾದರೂ ಸೈಟನ್ನು ಮತ್ತೆ ಕಟ್ಟುವವರೆಗೆ ಅದು ಕಾಣುವುದಿಲ್ಲ ಅನ್ನುವುದು ಅವತ್ತೇ ತಿಳಿದದ್ದು. ಸಮಯದ ಕೊನೆಗೆ ‘+05:30’ ಸೇರಿಸಿ, ಸಾಕು.

ಜಾಗದ ವಿಷಯದಲ್ಲಿ ನಮ್ಮ ಊರು ಬೇರೆ ಊರುಗಳ ಹಾಗಲ್ಲ. ‘3ನೇ ಬ್ಲಾಕ್, 8ನೇ ಕ್ರಾಸ್’ ಅಂತ ಒಂದು ಕಾರ್ಯಾಗಾರದ ಸುದ್ದಿ ಬಂದಿತ್ತು. ಕಳಿಸಿದವರು ಅದೇ ಬಡಾವಣೆಯವರು, ಅವರಿಗೆ ಅದು ಪೂರ್ತಿ ವಿಳಾಸ. ನಾನೂ ಹಾಗೇ ಒಪ್ಪಿದೆ. ಜಯನಗರಕ್ಕೆ 3ನೇ ಬ್ಲಾಕ್ ಇದೆ, ಕೋರಮಂಗಲಕ್ಕೂ ಇದೆ, ರಾಜಾಜಿನಗರಕ್ಕೂ ಇದೆ. ಕಾರ್ಯಾಗಾರ ಇದ್ದದ್ದು ರಾಜಾಜಿನಗರದಲ್ಲಿ. ರಾಮನಗರದಿಂದ ಬಂದ ಇಬ್ಬರು ವಿದ್ಯಾರ್ಥಿನಿಯರು ಜಯನಗರದಲ್ಲಿ ಒಂದು ಗಂಟೆ ಅಲೆದು, ಫೋನ್ ಮಾಡಿ, ಮಧ್ಯಾಹ್ನ ಊಟದ ಹೊತ್ತಿಗೆ ತಲುಪಿದರು. ಬೆಳಗಿನ ಪಾಠ ತಪ್ಪಿತ್ತು. ಅವರ ಮುಖ ನನಗೆ ಇನ್ನೂ ನೆನಪಿದೆ. ಆಮೇಲಿಂದ ಫಾರಂನಲ್ಲಿ ಬಡಾವಣೆಯ ಹೆಸರು, ಹತ್ತಿರದ ಮೆಟ್ರೋ ನಿಲ್ದಾಣ ಅಥವಾ ಬಸ್ ಸ್ಟಾಪು, ಅಲ್ಲಿ ಸಿಗುವ ಒಬ್ಬರ ಫೋನ್ ನಂಬರು, ಮೂರನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಕೇಳುತ್ತೇವೆ. ಮೂರೂ ಇಲ್ಲದಿದ್ದರೆ ಸುದ್ದಿ ಸಲ್ಲಿಕೆಯೇ ಆಗುವುದಿಲ್ಲ. ಕಾರ್ಯಕ್ರಮ ಮುಗಿದ ಮರುದಿನ ಫೋನ್ ನಂಬರನ್ನು ಮರೆಯದೆ ತೆಗೆದುಬಿಡಿ.

ಭದ್ರತೆಯ ಸುದ್ದಿ ಬಂದರೆ

ಇದು ಸರದಿಗೇ ಬರಬಾರದು. ‘ನಿಮ್ಮ ತಂತ್ರಾಂಶದಲ್ಲಿ ಒಂದು ತೂತು ಕಂಡೆ’ ಅನ್ನುವವರಿಗೆ ಬೇರೆ ಖಾಸಗಿ ವಿಳಾಸ ಇರಬೇಕು, ಅದು ಫಾರಂನ ಮೇಲೆಯೇ ದಪ್ಪಕ್ಷರದಲ್ಲಿ ಕಾಣಬೇಕು. ಆ ತೂತು ಮುಚ್ಚುವ ತಿದ್ದುಪಡಿ, ಅಂದರೆ ತೇಪೆ, ಸಿದ್ಧವಾಗುವ ಮೊದಲು ಸುದ್ದಿ ಹೊರಬಿದ್ದರೆ ಕೇಡು ಮಾಡುವವರಿಗೇ ಮೊದಲು ಅನುಕೂಲ.

ತೇಪೆ ಬಂದ ಮೇಲೆ ಸುದ್ದಿ ಹೇಗಿರಬೇಕು ಅನ್ನುವುದಕ್ಕೆ 2024ರ ಮಾರ್ಚ್ 29 ನೆನಪಿಸಿಕೊಳ್ಳಿ. ಆವತ್ತು ಆಂಡ್ರೆಸ್ ಫ್ರೋಯಿಂಡ್ ಅನ್ನುವ, ಪೋಸ್ಟ್‌ಗ್ರೆಸ್ ಡೇಟಾಬೇಸ್ ತಂತ್ರಾಂಶದ ಡೆವಲಪರ್, ಎಕ್ಸ್‌ಝಡ್ ಅನ್ನುವ ಕಂಪ್ರೆಷನ್ ತಂತ್ರಾಂಶದಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದಾರೆ ಅಂತ ಜಗತ್ತಿಗೆ ತಿಳಿಸಿದರು. ದೂರದ ಕಂಪ್ಯೂಟರಿಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನವಾದದ್ದನ್ನು ಬೆನ್ನು ಹತ್ತಿ ಅವರು ಅದನ್ನು ಹಿಡಿದಿದ್ದರು. ಆ ರಾತ್ರಿ ನಮ್ಮ ಗುಂಪಿನಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಇರುವುದು ಆ ಆವೃತ್ತಿಯೇ? ಈಗ ಏನು ಮಾಡಲಿ? ಉತ್ತರ ಚಿಕ್ಕದು. 5.6.0 ಅಥವಾ 5.6.1 ಆಗಿದ್ದರೆ ಹಿಂದಿನ ಆವೃತ್ತಿಗೆ ಹೋಗಿ. ಭದ್ರತೆಯ ಸುದ್ದಿಯ ಮೊದಲ ಎರಡು ಸಾಲಿನಲ್ಲಿ ಇದೇ ಇರಬೇಕು. ಯಾರು ಕಂಡುಹಿಡಿದರು, ಹೇಗಾಯಿತು, ಎಲ್ಲ ಅದರ ಕೆಳಗೆ.

ಸಣ್ಣ ಸುದ್ದಿಗಳು

ಯಾರೋ ಐವತ್ತು ಪದ ಸೇರಿಸಿದರು, ಯಾರೋ ಒಂದು ಕೈಪಿಡಿ ಪುಟ ಅನುವಾದಿಸಿದರು. ಒಂದೊಂದಕ್ಕೂ ಬೇರೆ ಸುದ್ದಿ ಮಾಡಿದರೆ ಓದುವವರಿಗೆ ಸಾಕಾಗುತ್ತದೆ. ಬಿಟ್ಟರೆ ಮಾಡಿದವರಿಗೆ ಬೇಸರ. ಗೊಂಚಲು ಮಾಡಿ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಳಗದವರು 2013ರಿಂದ, ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ ಬಳಗದವರು 2021ರಿಂದ ಹೀಗೆ ವಾರದ ಸುದ್ದಿ ಕಟ್ಟುತ್ತಿದ್ದಾರೆ. ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನವರದು ಮೂರು ತಿಂಗಳಿಗೊಮ್ಮೆ. ನಾವು ತಿಂಗಳಿಗೊಮ್ಮೆ ಮಾಡುತ್ತೇವೆ. ಪ್ರತಿಯೊಬ್ಬರ ಕೆಲಸಕ್ಕೂ ಒಂದು ಸಾಲು, ಅವರು ಒಪ್ಪಿದರೆ ಹೆಸರು. ಮೇಷ್ಟ್ರ ಪದಪಟ್ಟಿ ಕಂತುಕಂತಾಗಿ ಸೇರಿದ್ದು ಹೀಗೇ. ತಮ್ಮ ಹೆಸರಿನ ಸಾಲನ್ನು ಅವರು ಪ್ರತಿ ಸಲ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳುತ್ತಾರೆ.

ಹಾಕಿದ ಮೇಲೆ ತಪ್ಪು ಕಂಡರೆ, ಕಾಗುಣಿತವಾದರೆ ಸುಮ್ಮನೆ ತಿದ್ದಿ. ಆವೃತ್ತಿ ಸಂಖ್ಯೆ, ದಿನಾಂಕ, ಹೆಸರು, ಲೈಸೆನ್ಸ್ ತಪ್ಪಾಗಿದ್ದರೆ ಕೆಳಗೆ ದಿನಾಂಕ ಹಾಕಿ ‘ಮೊದಲು ಹೀಗಿತ್ತು, ಈಗ ಹೀಗೆ ತಿದ್ದಿದೆ’ ಅಂತ ಬರೆಯಿರಿ. ಬೆಳಗ್ಗೆ ಓದಿ ಹೋದವರು ಸಂಜೆ ಬಂದರೆ ಅವರಿಗೆ ಗೊತ್ತಾಗಬೇಕು.

ಒಪ್ಪಿಗೆ ಕೊಡುವವರು ಕನಿಷ್ಠ ಇಬ್ಬರು ಇರಲಿ. ನಾನೇ ಬರೆದ ಸುದ್ದಿಯನ್ನು ನಾನು ಒಪ್ಪುವುದಿಲ್ಲ, ಮಲ್ಲೇಶ್ವರದಲ್ಲಿರುವ ನನ್ನ ಗೆಳತಿ ನೋಡುತ್ತಾಳೆ. ಅವಳದನ್ನು ನಾನು ನೋಡುತ್ತೇನೆ. ಊರಿಗೆ ಹೋಗುವ ಮೊದಲು ಸರದಿಯಲ್ಲಿ ಏನೇನು ಬಾಕಿ ಇದೆ, ಯಾರಿಗೆ ಏನು ಹೇಳಿದ್ದೇನೆ ಅಂತ ಒಂದು ಟಿಪ್ಪಣಿ ಬರೆದಿಡುತ್ತೇನೆ. ಈ ದಸರಾಕ್ಕೆ ಒಂದು ವಾರ ಶಿರಸಿಗೆ ಹೋಗುತ್ತಿದ್ದೇನೆ. ಬಾಕಿ ನಾಲ್ಕಿವೆ. ಒಂದಕ್ಕೆ ಲೈಸೆನ್ಸ್ ಕೇಳಿ ಬರೆದಿದ್ದೇನೆ, ಉತ್ತರ ಬರಬೇಕು. ಮೂರಕ್ಕೆ ನಾಳೆಯೊಳಗೆ ಉತ್ತರ ಹೋಗಬೇಕು, ಅವಳಿಗೆ ಹೇಳಿದ್ದೇನೆ.